ತಾರಸಿಯ ಮೇಲೊಂದು ಯುದ್ಧ

“ಕಟ್. ಹೆಣ ಎಲ್ಲಾದ್ರೂ ಮೂಗು ತುರಿಸ್ಕೊಳ್ಳುತ್ತೇನೋ?”

ಡೈರೆಕ್ಟರ್ ಹಣೆ ಚಚ್ಚಿಕೊಂಡ. ಗುಬ್ಬಿಯ ಪಕ್ಕದ ಮನೆಯ ಈ ಹುಡುಗ ಡೈರೆಕ್ಟರ್ ಆದದ್ದು ಒಂದೇ ಕಾರಣಕ್ಕೆ: ಫೋನು ಅವನ ಅಮ್ಮನದು. ಹೆಣವಾಗಿ ಮಲಗಿದ್ದವನು ಅವನ ತಮ್ಮ ಪುಟಾಣಿ.

“ಇರುವೆ ಬಂತು,” ಎಂದಿತು ಹೆಣ.

ಹೀರೋ ಪಾತ್ರ ಗುಬ್ಬಿಯದು. ಅವಳ ಕೈಯಲ್ಲಿದ್ದ ಛತ್ರಿಯೇ ಬಂದೂಕು. ನೀರಿನ ಟ್ಯಾಂಕಿನ ಮುಂದೆ ಪೇರಿಸಿದ ದಿಂಬುಗಳೇ ಗಡಿ. ಸ್ಕೂಲ್ ಡೇಗೆ ತೋರಿಸುವ ಸಿನಿಮಾ ನಾಳೆ ಮಿಸ್ ಕೈ ಸೇರಬೇಕಿತ್ತು. ಇನ್ನೂ ಒಂದು ಸೀನೂ ನೆಟ್ಟಗೆ ಬಂದಿರಲಿಲ್ಲ.

ಅದಕ್ಕೇ ಗುಬ್ಬಿ ಮಾಮನನ್ನು ಮೇಲಕ್ಕೆ ಕರೆತಂದಿದ್ದಳು. ಮಾಮ ಅಂದರೆ ಅಮ್ಮನ ತಮ್ಮ, ನಿಜವಾದ ಸೈನಿಕ. ನಿಜವಾದ ಯುದ್ಧದಲ್ಲಿ ಕಾಲಿಗೆ ಏಟು ಬಿದ್ದು, ಪ್ಲಾಸ್ಟರ್ ಹಾಕಿಸಿಕೊಂಡು ಮನೆಗೆ ಬಂದಿದ್ದ. ಪ್ಲಾಸ್ಟರ್ ಮೇಲೆ ಗುಬ್ಬಿ ಬೆಕ್ಕಿನ ಚಿತ್ರ ಬರೆದಿದ್ದಳು.

“ಮಾಮ, ಗುಂಡು ಹಾರ್ತಿರುವಾಗ ನೀವು ಏನಂತ ಘರ್ಜಿಸಿದ್ರಿ? ಆ ಡೈಲಾಗೇ ಇಟ್ಕೋತೀವಿ,” ಎಂದ ಡೈರೆಕ್ಟರ್.

ಮಾಮ ಗಲ್ಲ ಕೆರೆದುಕೊಂಡ. “ಘರ್ಜನೆ ಎಲ್ಲಿ ಬಂತೋ? ಬಂಡೆ ಹಿಂದೆ ಮುದುರಿಕೊಂಡು ಹದಿಮೂರರ ಮಗ್ಗಿ ಹೇಳ್ತಿದ್ದೆ.”

ಗುಬ್ಬಿಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ನಮ್ಮ ಮಾಮ ಹುಲಿ ಅಂತ ಇಡೀ ಕ್ಲಾಸಿಗೆ ಡಂಗುರ ಹೊಡೆದಿದ್ದಳು.

“ಮಗ್ಗಿ ಯಾಕೆ ಮಾಮ?”

“ಭಯಕ್ಕೆ ಕಣೇ. ಹಲ್ಲು ಕಟಕಟ ಅಂತಿತ್ತು. ಬಾಯಿಗೆ ಏನಾದ್ರೂ ಕೆಲಸ ಕೊಡ್ಬೇಕಲ್ಲ? ಹದಿಮೂರ್ ಏಳ್ಲಿಗೆ ಬಂದು ಸಿಕ್ಕಿಹಾಕ್ಕೊಂಡೆ. ಪಕ್ಕದಲ್ಲೇ ನನ್ನ ಗೆಳೆಯ ಇದ್ದ. ನಮ್ಮ ಅಡುಗೆಯವನು, ಸೌಟು ಅಂತ ಕರೀತಿದ್ವಿ. ಸುತ್ತ ಗುಂಡು ಬೀಳ್ತಿದೆ, ಅವನು ಮೇಷ್ಟ್ರ ಥರ ಬೈತಾನೆ, ‘ತೊಂಬತ್ತೊಂದು ಕಣೋ ದಡ್ಡ, ಮುಂದೆ ಹೇಳು’ ಅಂತ.”

ಪುಟಾಣಿ ಬಿದ್ದು ಬಿದ್ದು ನಕ್ಕ. ಡೈರೆಕ್ಟರೂ ನಕ್ಕ. “ಸೌಟು ಅಂಕಲ್‌ನೂ ಕರೀರಿ ಮಾಮ. ಆಕ್ಟ್ ಮಾಡ್ಲಿ.”

ಮಾಮ ಇನ್ನೂ ನಗುತ್ತಲೇ ಇದ್ದ. ಬೆರಳಿನಿಂದ ಬೆಕ್ಕಿನ ಮೀಸೆಯನ್ನು ಮೆಲ್ಲಗೆ ಸವರಿದ. “ಅವನು ಬರೋಕಾಗಲ್ಲ ಕಣೋ. ನಡೀರಿ, ಸೀನ್ ಮುಗಿಸೋಣ.”

ಪುಟಾಣಿಗೆ ಹೆಣದ ಕೆಲಸ ಹೋಯಿತು. “ನೀವೇ ಮಲಗಿ ಮಾಮ. ಹೇಗೂ ಕಾಲು ಮಡಚೋಕಾಗಲ್ಲ,” ಎಂದ ಡೈರೆಕ್ಟರ್. ಮಾಮ ಕುಂಟುತ್ತ ಹೋಗಿ ದಿಂಬುಗಳ ಪಕ್ಕ ಅಂಗಾತ ಮಲಗಿದ.

“ಆ್ಯಕ್ಷನ್.”

ಇರುವೆ ಮಾಮನ ಕೆನ್ನೆ ಹತ್ತಿ ಮೂಗು ದಾಟಿತು. ಅವನು ಮಿಸುಕಲಿಲ್ಲ. ಡೈರೆಕ್ಟರ್ ಖುಷಿಯಿಂದ ಹೆಬ್ಬೆರಳೆತ್ತಿದ. ಈಗ ಗುಬ್ಬಿ ಛತ್ರಿ ಹಿಡಿದು ಶತ್ರುಗಳ ಮೇಲೆ ನುಗ್ಗಬೇಕು.

ಅವಳು ನುಗ್ಗಲಿಲ್ಲ. ಮಾಮನನ್ನೇ ನೋಡುತ್ತ ನಿಂತಳು. ಆಮೇಲೆ ಛತ್ರಿ ಕೆಳಗಿಟ್ಟು, ಅವನ ತೋಳು ಹಿಡಿದು ಅಲ್ಲಾಡಿಸಿದಳು.

“ಏಳು ಮಾಮ.”

“ಕಟ್, ಕಟ್. ಸತ್ತವರನ್ನ ಯಾರಾದ್ರೂ ಎಬ್ಬಿಸ್ತಾರೇನೇ?”

“ನಾನು ಎಬ್ಬಿಸ್ತೀನಿ,” ಎಂದಳು ಗುಬ್ಬಿ. ಒಂದು ದಿಂಬು ಎಳೆದು ಮಾಮನ ಬೆನ್ನಿಗೆ ಕೊಟ್ಟು, ಪಕ್ಕದಲ್ಲೇ ಕೂತಳು. “ಸೌಟು ಅಂಕಲ್ ಅಡುಗೆ ಹೇಗಿರ್ತಿತ್ತು ಮಾಮ?”

ಮಾಮ ಅವಳ ಮುಖ ನೋಡಿದ.

“ಅಯ್ಯೋ, ಏನ್ ಕೇಳ್ತೀಯ,” ಎಂದ ನಿಧಾನವಾಗಿ. “ಒಂದು ದಿನ ಉಪ್ಪು ಹಾಕೋದೇ ಮರೀತಿದ್ದ. ಮಾರನೇ ದಿನ ಎರಡೂ ದಿನದ್ದು ಸೇರಿಸಿ ಹಾಕ್ತಿದ್ದ.”

ಡೈರೆಕ್ಟರ್ ಏನೋ ಹೇಳಲು ಬಾಯಿ ತೆರೆದ. ಗುಬ್ಬಿ ಅವನಿಗೆ ಕಣ್ಸನ್ನೆ ಮಾಡಿದಳು. ಅವನು ಫೋನು ಎತ್ತಿ ಮಾಮನ ಕಡೆ ಹಿಡಿದು ಮತ್ತೆ ಶೂಟಿಂಗ್ ಶುರು ಮಾಡಿದ.