ಹತ್ತು ನಿಮಿಷದ ಲೆಕ್ಕ

"ನನ್ನ ಗಂಡನ್ನ ದಾವಲಸಾಬ ಕೊಂದಿಲ್ಲರಿ. ಇವತ್ತ ಸಂಜಿಗೆ ಅವನ್ನ ಹಳಿಯಾಳ ಕೋರ್ಟಿಗೆ ಒಯ್ತಾರಂತ. ಹೆಂಗರ ಮಾಡಿ ಬಿಡಸ್ರಿ," ಎನ್ನುತ್ತ ಸೋನುಬಾಯಿ ಕಾಸಿಂಸಾಬರ ರೇಡಿಯೋ ರಿಪೇರಿ ಅಂಗಡಿಯ ಕಟ್ಟೆಯ ಮೇಲೆ ಕುಸಿದು ಕೂತಳು.

ಅದು ಎಂಬತ್ನಾಲ್ಕರ ಬೇಸಿಗೆ. ದಾಂಡೇಲಿಯಲ್ಲಿ ಪೊಲೀಸರಿಗೆ ಬಗೆಹರಿಯದ ಎಷ್ಟೋ ಸಂಗತಿಗಳನ್ನು ಕಾಸಿಂಸಾಬರು ಆ ಅಂಗಡಿಯಲ್ಲೇ ಕೂತು ಬಗೆಹರಿಸಿದ್ದರು. ಅವರ ಪಕ್ಕದ ಸ್ಟೂಲು ಅಂದಾನೆಪ್ಪನದು. ನಿವೃತ್ತ ಹವಾಲ್ದಾರ, ಮೂಗಿನ ತುದಿಯಲ್ಲೇ ಸಿಟ್ಟು. ಗಂಡನನ್ನು ಕಳೆದುಕೊಂಡವಳೇ ಆರೋಪಿಯ ಪರವಾಗಿ ಓಡಿ ಬಂದಿದ್ದಾಳೆಂದರೆ ತನ್ನ ಹಳೆಯ ಇಲಾಖೆ ಎಂಥ ಘನಂದಾರಿ ತನಿಖೆ ಮಾಡಿರಬೇಕು ಎಂದು ಅವನಿಗೆ ಆಗಲೇ ಮೈ ಉರಿಯತೊಡಗಿತ್ತು.

ಹಿಂದಿನ ದಿನ ಕೋಗಿಲಬನದ ಹತ್ತಿರದ ಸಂಶೋಧನಾ ಶೆಡ್ಡಿನಲ್ಲಿ ಸೋನುಬಾಯಿಯ ಗಂಡ ಸೋಮಾ ಕೇಬಲ್ಲಿನ ತುದಿ ಬಿಚ್ಚಲು ಹೋಗಿ ಶಾಕ್ ಹೊಡೆದು ಸತ್ತಿದ್ದ. ಸ್ವಿಚ್ಚು ನೋಡಿಕೊಳ್ಳುವ ದಾವಲಸಾಬ ಕುಡಿದು ಕರೆಂಟು ಬಿಟ್ಟನೆಂದು ಎಂಜಿನಿಯರ್ ಚನಬಸಪ್ಪ ಬರೆದುಕೊಟ್ಟಿದ್ದ. ಸತ್ತವನೂ ಸಿಕ್ಕಿಬಿದ್ದವನೂ ಒಂದೇ ಊರಿನ ಸಿದ್ದಿಗಳು, ಹತ್ತು ವರ್ಷದ ಜೊತೆಗಾರರು.

ಸೋನುಬಾಯಿ ಗಂಟು ಬಿಚ್ಚಿದಳು. "ದವಾಖಾನಿಯವರು ಇಷ್ಟ ಕೊಟ್ರು." ಸುಟ್ಟ ಅಂಗಿ, ಉಡದಾರ, ಅದಕ್ಕೆ ಕಟ್ಟಿದ ಸಣ್ಣ ಹಿತ್ತಾಳೆ ಕೀಲಿಕೈ. "ಈ ಕೀಲಿಕೈ ನಮ್ಮ ಮನೀದಲ್ಲ."

ಕಾಸಿಂಸಾಬರು ಅದನ್ನು ಜೇಬಿಗೆ ಹಾಕಿಕೊಂಡು ಎದ್ದರು. "ಅಂದಾನೆಪ್ಪ, ಹೋಗೂಣು ನಡಿ."

ಕಿಟಕಿ ಮುಚ್ಚಿದ ಶೆಡ್ಡಿನೊಳಗೆ ಒಂದು ಬಲ್ಬಿನ ಬೆಳಕಿನಲ್ಲಿ ದೊಡ್ಡ ಕೇಬಲ್ ಸುರುಳಿ ಇತ್ತು. ಅದರ ಒಂದು ತುದಿ ಕಪ್ಪು ಪೆಟ್ಟಿಗೆಯೊಳಗೆ ಹೋಗಿತ್ತು. ಚನಬಸಪ್ಪ ತನ್ನ ಕೆಲಸವನ್ನು ಉತ್ಸಾಹದಿಂದಲೇ ವಿವರಿಸಿದ.

"ಭಾರಿ ವೋಲ್ಟೇಜ್ ಕೊಟ್ರ ತಂತಿ ಮ್ಯಾಲಿನ ಪ್ಲಾಸ್ಟಿಕ್ ಕಣ್ಣಿಗೆ ಕಾಣದಷ್ಟು ಮಂದ ಬೆಳಕು ಬಿಡ್ತದ. ಅದರೊಳಗ ಚಾರ್ಜ್ ಹೆಂಗ ಹೊಕ್ಕೊತದ, ಹೆಂಗ ಹರೀತದ, ಬೆಳಕು ಎಷ್ಟು ಬರ್ತದ, ಎಲ್ಲಾ ಸಮೀಕರಣದಾಗ ಕೂಡಿಸೇನಿ. ಪೆಟ್ಟಿಗಿಯೊಳಗಿನ ಬೆಳಕನ್ನ ಈ ಪೆನ್ನು ಕಾಗದದ ಮ್ಯಾಲ ಬರೀತದ."

"ಕರೆಂಟ್ ತೆಗೆದ ಮ್ಯಾಲ ಚಾರ್ಜ್ ಎಷ್ಟೊತ್ತು ಉಳೀತೈತ್ರಿ?" ಎಂದು ಕೇಳಿದರು ಕಾಸಿಂಸಾಬರು.

"ಅರ್ಥಿಂಗ್ ರಾಡ್ ಹಚ್ಚಿದ್ರ ಹತ್ತೇ ನಿಮಿಷ. ಎಲ್ಲಾ ಭೂಮಿಗೆ ಇಳೀತದ. ನನ್ನ ಲೆಕ್ಕ ಪಕ್ಕಾ ಅದ."

"ನಿನ್ನೆ ಹಚ್ಚಿದ್ರೇನು?"

"ಹನ್ನೊಂದಕ್ಕ ಕರೆಂಟ್ ತೆಗೆದು ಹಚ್ಚಿದ್ವಿ. ಹನ್ನೊಂದೂ ಐವತ್ತಕ್ಕ ಸೋಮಾ ಬಂದು ತೆಗಿಯೂತನಕ ಹಚ್ಚೇ ಇತ್ತು. ಅವ ಕೈ ಹಾಕಿದಾಗ ದಾವಲಸಾಬ ಸ್ವಿಚ್ ಹಾಕಿದ. ಸ್ವಿಚ್ ಪೆಟ್ಟಿಗಿಗೆ ಇರೂದು ಒಂದ ಕೀಲಿಕೈ, ಅದೂ ಅವನ ಹಂತ್ಯಾಕ."

ಕಾಸಿಂಸಾಬರು ಗೋಡೆಗೆ ಒರಗಿಸಿದ್ದ ರಾಡನ್ನು ಕಪ್ಪು ಪೆಟ್ಟಿಗೆಯ ಪಕ್ಕದ ತೂತಿನಲ್ಲಿ, ಕೇಬಲ್ಲಿನ ತುದಿಗೆ ತಗಲುವಂತೆ ತೂರಿಸಿದರು. ಪೆನ್ನು ಸರಕ್ಕನೆ ಮೇಲೇರಿತು. ರಾಡ್ ತೆಗೆದು ತೂತು ಮುಚ್ಚಿದರು, ಪೆನ್ನು ಇಳಿಯಿತು. ಆಮೇಲೆ ನಿನ್ನೆಯ ಕಾಗದವನ್ನು ಹರವಿ ಬಹಳ ಹೊತ್ತು ನೋಡಿದರು. ಹೊರಡುವ ಮುನ್ನ ಸ್ವಿಚ್ ಪೆಟ್ಟಿಗೆಯ ಬೀಗದ ಮುಂದೆಯೂ ಒಂದು ಗಳಿಗೆ ನಿಂತರು.

ನಾಲ್ಕು ಗಂಟೆಗೆ ಅಂದಾನೆಪ್ಪನ ಒತ್ತಾಯಕ್ಕೆ ಠಾಣೆಯ ಫೌಜದಾರರು ದಾವಲಸಾಬನನ್ನು ಶೆಡ್ಡಿಗೇ ಕರೆತಂದರು. ಕೈಗೆ ಹಗ್ಗ ಬಿಗಿದಿದ್ದರು. ಮಣಿಕಟ್ಟು ಬಾತಿದ್ದು ನೋಡಿ ಅಂದಾನೆಪ್ಪನ ಪಿತ್ತ ನೆತ್ತಿಗೇರಿತು. ಸೋನುಬಾಯಿ ಬಾಗಿಲ ಹತ್ತಿರ ನಿಂತಿದ್ದಳು.

ಕಾಸಿಂಸಾಬರು ಹಿತ್ತಾಳೆ ಕೀಲಿಕೈಯಿಂದ ಸ್ವಿಚ್ ಪೆಟ್ಟಿಗೆಯ ಬೀಗ ತೆಗೆದರು. "ಇದು ಸಿಕ್ಕಿದ್ದು ಸೋಮಾನ ಉಡದಾರದಾಗ. ದಾವಲಸಾಬ, ಅವನ ಹಂತ್ಯಾಕ ಹೆಂಗ ಹೋತು?"

"ಬೀಗ ಹಾಕಿ ನಾನ ಕೊಟ್ಟಿದ್ನಿರಿ. ನಮ್ಮಿಬ್ಬರಾಗ ಯಾರು ಕೇಬಲ್ಲಿಗೆ ಕೈ ಹಾಕ್ತೇವಿ, ಕೀಲಿಕೈ ಅವರ ಉಡದಾರಕ್ಕ. ಇನ್ನೊಬ್ಬಾವ ಮರತೂ ಕರೆಂಟ್ ಬಿಡಬಾರದಂತ."

ಚನಬಸಪ್ಪ ಕೀಲಿಕೈಯನ್ನೇ ನೋಡಿದ. ಕೂಲಿಯವರು ತಮ್ಮ ಜೀವ ಹೇಗೆ ಕಾಪಾಡಿಕೊಳ್ಳುತ್ತಾರೆಂದು ಅವನು ಎಂದೂ ಕೇಳಿದವನಲ್ಲ.

"ಹಂಗಾರ ಕರೆಂಟ್ ಎಲ್ಲಿಂದ ಬಂತು?" ಎಂದರು ಫೌಜದಾರರು.

"ಪ್ಲಾಸ್ಟಿಕ್ಕಿನೊಳಗಿಂದ. ಹಸಿ ಗೋಡಿ ಒರಸ್ರಿ, ಒಣಗಿದಂಗ ಕಾಣ್ತೈತಿ. ತಾಸಿಗೆ ಮತ್ತ ಪಸಿ ಬರ್ತೈತಿ. ದಿನಗಟ್ಟಲೆ ವೋಲ್ಟೇಜ್ ಉಂಡ ಕೇಬಲ್ಲೂ ಹಂಗ. ರಾಡ್ ಲಗೂ ತೆಗೆದ್ರ ಒಳಗ ಸಿಕ್ಕ ಚಾರ್ಜ್ ಮೆಲ್ಲಕ ತಂತಿಗೆ ವೋಲ್ಟೇಜ್ ತಿರುಗಿ ತರ್ತೈತಿ." ಕಾಸಿಂಸಾಬರು ಕಾಗದ ಬಿಡಿಸಿದರು. "ಹನ್ನೊಂದಕ್ಕ ರಾಡ್ ತೂರಿಸ್ಯಾರ, ತೂತಿನಾಗ ಹೊರಗಿನ ಬೆಳಕು ಹೊಕ್ಕು ಪೆನ್ನು ಏರೇತಿ. ಹನ್ನೊಂದೂ ಹತ್ತಕ್ಕ ಇಳದೈತಿ. ಆಗ ರಾಡ್ ತೆಗೆದು ತೂತು ಮುಚ್ಚ್ಯಾರ. ಮುಂದ ನೋಡ್ರಿ, ಸಣ್ಣ ಗೆರಿ. ಅದು ಪ್ಲಾಸ್ಟಿಕ್ಕಿನ ಬೆಳಕು. ಹತ್ತು ನಿಮಿಷಕ್ಕ ಚಾರ್ಜ್ ಖಾಲಿ ಆಗಿದ್ರ ಈ ಬೆಳಕು ಇರ್ತಿದ್ದಿಲ್ಲ. ಹನ್ನೊಂದೂ ಐವತ್ತಕ್ಕ ಸೋಮಾ ಪೆಟ್ಟಿಗಿ ಮುಚ್ಚಳ ತೆರೆಯೂತನಕ ಐತಿ."

"ಆವಾಗ ಶೆಡ್ಡಿನಾಗ ಇದ್ದವರು ಈ ಎಂಜಿನಿಯರ್ ಸಾಹೇಬರೊಬ್ಬರರಿ," ಎಂದ ದಾವಲಸಾಬ. "ನಾವಿಬ್ಬರೂ ಹೊರಗ ಚಾ ಕುಡಿಯಾಕತ್ತಿದ್ವಿ. 'ಖಾಲಿ ಆಗೇದ, ಬಂದು ಬಿಚ್ಚು' ಅಂತ ಸೋಮಾನ್ನ ಕರೆದವರೂ ಅವರ."

"ಪೆಟ್ಟಿಗಿಯೊಳಗ ಕತ್ತಲಾಗಲಿಲ್ಲಂದ್ರ ಆ ಸಣ್ಣ ಬೆಳಕು ಅಳತಿ ಮಾಡಾಕ ಆಗತಿರಲಿಲ್ಲ. ಅದಕ್ಕ ರಾಡ್ ತೆಗೆದ್ನಿ," ಚನಬಸಪ್ಪ ತೊದಲಿದ. "ಬೇಕಂತ ಮಾಡಿಲ್ಲ. ಲೆಕ್ಕ ತಪ್ಪಿತು."

ಅಂದಾನೆಪ್ಪ ಅವನ ಕೊರಳಪಟ್ಟಿಗೆ ಕೈ ಹಾಕಿಯೇ ಬಿಡುತ್ತಿದ್ದ. ಸೋನುಬಾಯಿ ಅಡ್ಡ ಬಂದಳು.

"ಲೆಕ್ಕ ತಪ್ಪಿದ್ದಕ್ಕ ನಾ ಅತ್ತು ಸುಮ್ಮನಾಗ್ತಿದ್ದೆ," ಎಂದಳು ಚನಬಸಪ್ಪನಿಗೆ. ದನಿ ಏರಿಸಲಿಲ್ಲ. "ತಪ್ಪು ನಿಂದಂತ ಗೊತ್ತಿದ್ದೂ ಇವನ್ನ ಹಿಡಿದು ಕೊಟ್ಟಿ. ಅದು ಯಾವ ಲೆಕ್ಕ?"

ಫೌಜದಾರರ ಅಪ್ಪಣೆಗೂ ಕಾಯದೆ ಅಂದಾನೆಪ್ಪ ದಾವಲಸಾಬನ ಕೈಯ ಹಗ್ಗ ಬಿಚ್ಚಿದ.

"ಸೋಮಾನ್ನ ಎಲ್ಲಿಟ್ಟೀರಿ, ವೈನಿ?" ಎಂದು ದಾವಲಸಾಬ ಕೇಳಿದ. "ನನಗ ಮಾರಿ ನೋಡಾಕೂ ಬಿಡಲಿಲ್ಲ."

"ದವಾಖಾನ್ಯಾಗ ಅದಾನ," ಎಂದಳು ಸೋನುಬಾಯಿ. "ನೀ ಬರೂತನಕ ಮಣ್ಣು ಮಾಡೂದಿಲ್ಲ ಅಂತ ಹೇಳಿ ಬಂದೇನಿ. ನಡಿ."