ಐದು ಗಂಟೆಯೊಳಗೆ ಒಂದು ಸಹಿ

ಸ್ಪ್ರೆಡ್‌ಶೀಟಿನಲ್ಲಿ ಕೈಯಿಂದ ತುಂಬಿದ ಅಂಕಿ ನೀಲಿಯಾಗಿರಬೇಕು, ಲೆಕ್ಕದಿಂದ ಬಂದದ್ದು ಕಪ್ಪಾಗಿರಬೇಕು. ಆಮ್‌ಸ್ಟರ್‌ಡ್ಯಾಮಿನ ಹಣಕಾಸು ಬೀದಿಯಲ್ಲಿ ಸರ್ಕಾರ ಉರುಳಿದರೂ ಈ ನಿಯಮ ಉರುಳುವುದಿಲ್ಲ. ಹತ್ತು ವರ್ಷ ಸಾಫ್ಟ್‌ವೇರ್ ಬರೆದು, ಮೂವತ್ತನಾಲ್ಕನೆಯ ವಯಸ್ಸಿನಲ್ಲಿ ಅರ್ಧ ಸಂಬಳಕ್ಕೆ ಕಂಪನಿಗಳ ಬೆಲೆ ಕಟ್ಟುವ ಕೆಲಸ ಹಿಡಿದಿದ್ದ ಯೆಲ್ಮರ್ ಅದನ್ನು ಬರೀ ಅಲಂಕಾರವೆಂದು ತಿಳಿದು, ಎಲ್ಲವನ್ನೂ ಕಪ್ಪು ಮಾಡಿಬಿಟ್ಟಿದ್ದ.

ಬೆಳಿಗ್ಗೆ ಗಿರಾಕಿಯ ಎದುರು ಮುಖ್ಯಸ್ಥ ಟೆರ್ಪ್‌ಸ್ಟ್ರಾ, ಬಣ್ಣದ ಗುರುತಿಲ್ಲದೆ, ಮುಟ್ಟಬಾರದ ಅಂಕಿಯನ್ನು ಬದಲಿಸಿದರು. ಸೈಕಲ್ ಬೀಗ ಮಾಡುವ ಪುಟ್ಟ ಕಂಪನಿಯ ಬೆಲೆ ಕ್ಷಣದಲ್ಲಿ ಮೂರು ಪಟ್ಟಾಯಿತು. ಎದುರು ಕೂತಿದ್ದ ಅದರ ಮಾಲೀಕನಿಗೆ ಬಹಳ ಸಂತೋಷವಾಯಿತು. ಕಷ್ಟ ಶುರುವಾದದ್ದೇ ಅಲ್ಲಿ.

ಈಗ ಶುಕ್ರವಾರ ನಾಲ್ಕೂವರೆ. ಐದಕ್ಕೆ ಯೆಲ್ಮರನ ಪರೀಕ್ಷಾವಧಿ ಮುಗಿಯುತ್ತದೆ. ಅವನಿಗೆ ಕೆಲಸ ಕಲಿಸಿದ ವೀಟ್ಸ್ಕೆಯ ಮುಂದಿದ್ದ ಕಾಗದದಲ್ಲಿ ಎರಡೇ ಚೌಕ: ಇರಲಿ, ಬೇಡ.

"ಬರೆದ್ಯಾ?" ಬಾಗಿಲಲ್ಲಿ ನಿಂತು ಯೆಲ್ಮರ್ ಕೇಳಿದ.

"ಒಳಗೆ ಬಾ. ಬಾಗಿಲು ತೆಗೆದೇ ಇರ್ಲಿ. ಮುಚ್ಚಿದ್ರೆ ಎಲ್ರೂ ಇನ್ನೂ ಹತ್ರ ಬಂದು ಕೇಳಿಸ್ಕೋತಾರೆ."

ಅವನ ತುಟಿಯಂಚಿನಲ್ಲಿ ಚಾಕೊಲೇಟ್ ಕಾಳೊಂದು ಅಂಟಿತ್ತು. ಬೆಣ್ಣೆ ಬ್ರೆಡ್ಡಿನ ಮೇಲೆ ಆ ಕಾಳು ಉದುರಿಸಿಕೊಂಡು ತಿನ್ನುವುದನ್ನು ಅವನು ಬಾಲ್ಯದ ಜೊತೆ ಬಿಟ್ಟಿರಲಿಲ್ಲ. ವೀಟ್ಸ್ಕೆ ಅದನ್ನು ನೋಡಬಾರದೆಂದು ಕಿಟಕಿಯತ್ತ ತಿರುಗಿದಳು. ಗಾಜಿನಲ್ಲೂ ಅವನೇ ಇದ್ದ, ಅವಳನ್ನೇ ನೋಡುತ್ತಿದ್ದ.

"ಬೇಡ ಅಂತ ಬರಿ," ಎಂದ. "ಇಲ್ಲಿದ್ರೆ ನೀನು ನನ್ನ ಮೇಲಿನವಳು. ಹೊರಗೆ ಹೋದ್ರೆ ನಾಳೆನೇ ಊಟಕ್ಕೆ ಕರೀಬಹುದು."

ಅವಳ ಕಿವಿ ಬಿಸಿಯಾಯಿತು. "ಇದೇನು, ಪ್ರೇಮ ನಿವೇದನೆನಾ, ರಾಜೀನಾಮೆನಾ?"

"ಒಂದು ತಿಂಗಳಿಂದ ಎರಡನ್ನೂ ಜೇಬಲ್ಲಿಟ್ಕೊಂಡು ಓಡಾಡ್ತಿದೀನಿ."

"ಮತ್ತೆ ಹೋಗಿ ಕೋಡ್ ಬರೀತೀಯಾ?"

"ಬರೀತೀನಿ. ನಂಗೆ ಬರೋದು ಅದೇ ತಾನೆ?" ಮೇಜಿನ ಅಂಚಿಗೆ ಒರಗಿದ. "ಆ ಬೀಗದವರು ಉಕ್ಕಿಗೆ ಯಾಕೆ ಅಷ್ಟೊಂದು ಕೊಡ್ತಾರೆ ಅಂತ ಮೊನ್ನೆ ಹೊಳೀತು ನೋಡು! ಖರೀದಿ ಮಾಡೋನು ಮಾಲೀಕನ ಭಾವಮೈದ, ನಡುವೆ ಕಮಿಷನ್ ಹೊಡೀತಾನೆ! ಹತ್ತು ವರ್ಷದಲ್ಲಿ ಕೆಲಸದಲ್ಲಿ ಅಷ್ಟು ಖುಷಿ ಕಂಡಿರ್ಲಿಲ್ಲ..."

ಅವನ ಕಣ್ಣಲ್ಲಿ ಬೆಳಕು ಹೊತ್ತಿಕೊಂಡದ್ದು ಅವನಿಗೆ ತಿಳಿಯಲಿಲ್ಲ, ಅವಳಿಗೆ ತಿಳಿಯಿತು. ಬೇಡ ಎಂದು ಬರೆದರೆ ನಾಳಿನ ಊಟ ಚೆನ್ನಾಗಿಯೇ ಇರುತ್ತದೆ. ನೂರನೆಯ ಊಟಕ್ಕೆ ಎದುರು ಕೂರುವವನ ಕಣ್ಣಿನಲ್ಲಿ ಈ ಬೆಳಕು ಇರುವುದಿಲ್ಲ.

"ನಿನ್ನ ತ್ಯಾಗ ಗೀಗ ನನ್ನ ತಲೆಗೆ ಕಟ್ಟಬೇಡ ಮಾರಾಯ."

ಟೆರ್ಪ್‌ಸ್ಟ್ರಾ ಕೋಟು ತೊಟ್ಟು ಇಣುಕಿದರು. "ವೀಟ್ಸ್ಕೆ, ಆಯ್ತಾ? ಐದೂ ಹತ್ತಕ್ಕೆ ನನ್ನ ರೈಲು."

ಅವಳು 'ಇರಲಿ' ಚೌಕಕ್ಕೆ ಗುರುತು ಹಾಕಿ ಸಹಿ ಮಾಡಿದಳು. ಆಮೇಲೆ ಮೇಜಿನ ಖಾನೆಯಿಂದ ಇನ್ನೊಂದು ಕಾಗದ ತೆಗೆದಳು. ಕಲಿಸುವವರಿಗೂ ಕಲಿಯುವವರಿಗೂ ಪ್ರೀತಿಯಾದರೆ ಇಬ್ಬರೂ ಬರೆದುಕೊಡಬೇಕು, ಒಬ್ಬರು ವಿಭಾಗ ಬಿಡಬೇಕು, ಅದು ಆಫೀಸಿನ ಕಾನೂನು. ತನ್ನ ಹೆಸರು ಬರೆದು ಅವನತ್ತ ತಳ್ಳಿದಳು.

"ಇಷ್ಟ ಇದ್ರೆ ಮಾತ್ರ ಬರಿ. ವಿಭಾಗ ಬಿಡೋದು ನಾನು."

"ನಿನ್ನ ಆರು ವರ್ಷದ ಜಾಗ! ಇದು ತ್ಯಾಗ ಅಲ್ವಾ?"

"ಅಲ್ಲ. ಟೆರ್ಪ್‌ಸ್ಟ್ರಾ ಅವರಿಂದ ತಪ್ಪಿಸ್ಕೊಳ್ಳೋಕೆ ಎರಡು ವರ್ಷದಿಂದ ದಾರಿ ಹುಡುಕ್ತಿದೀನಿ."

"ಕೇಳಿಸ್ತು," ಎಂದರು ಟೆರ್ಪ್‌ಸ್ಟ್ರಾ.

ಯೆಲ್ಮರ್ ಪೆನ್ನು ತೆಗೆದುಕೊಂಡ. ಬರೆಯುವ ಮೊದಲು ಒಮ್ಮೆ ಅವಳ ಮುಖ ನೋಡಿದ. ಈ ಸಲ ಅವಳು ಕಿಟಕಿಯತ್ತ ತಿರುಗಲಿಲ್ಲ.

ಐದಕ್ಕೆ ಎರಡು ನಿಮಿಷ ಇರುವಾಗ ಸಹಿಯಾದ ಎರಡೂ ಕಾಗದಗಳು ಟೆರ್ಪ್‌ಸ್ಟ್ರಾ ಅವರ ಚೀಲ ಸೇರಿದವು. ಯೆಲ್ಮರ್ ಕೆಲಸದಲ್ಲಿ ಉಳಿದ. ವೀಟ್ಸ್ಕೆ ಸೋಮವಾರ ಮೂರನೆಯ ಮಹಡಿಯ ಬೇರೆ ವಿಭಾಗಕ್ಕೆ ಹೋದಳು.