ನನ್ನ ಹೆಸರಲ್ಲಿ ಖಾಲಿ ಮಾಡಿಸಬೇಡಿ

"ನನ್ನ ಅಂಗಡಿ ಕೀಳೋದು ಸಾಲ್ದು ಅಂತ ಈಗ ಹಲ್ಲೂ ಕೀಳೋಕೆ ಕೂತ್ರಾ?"

ಅರ್ಧ ಬಾಯಿ ಮರಗಟ್ಟಿದ್ದರಿಂದ ಅವನ ಮಾತು ತೊದಲುತ್ತಿತ್ತು. ಕಣ್ಣಲ್ಲಿದ್ದ ಸಿಟ್ಟು ಮಾತ್ರ ಸ್ವಲ್ಪವೂ ತೊದಲಲಿಲ್ಲ!

ಹಲ್ಲಿನ ಡಾಕ್ಟರ್ ಕೈಯಲ್ಲಿದ್ದ ಕನ್ನಡಿಯನ್ನು ತಟ್ಟೆಯಲ್ಲಿಟ್ಟಳು. ಈಗಷ್ಟೇ ಇದೇ ಮನುಷ್ಯ ಊದಿದ ಕೆನ್ನೆಯಲ್ಲೇ ನಗುತ್ತಾ, "ಡಾಕ್ಟ್ರೇ, ನೋವಿಗೆ ಹೆದರಲ್ಲ, ಸೂಜಿ ಮಾತ್ರ ತೋರಿಸ್ಬೇಡಿ" ಎಂದಿದ್ದ. ಅವಳಿಗೂ ನಗು ಬಂದಿತ್ತು. ಇಂಜೆಕ್ಷನ್ ಕೊಟ್ಟು ಕಾಯುವಾಗ ಹೀಗೇ ಮಾತು ಸಾಗಿತ್ತು. ಏನ್ ಕೆಲಸ? ಫೋಟೋಗಳಿಗೆ ಫ್ರೇಮ್ ಹಾಕೋದು. ಅಂಗಡಿ ಎಲ್ಲಿ? ಗ್ರಂಥಾಲಯದ ಎದುರಿನ ಹಳದಿ ಕಟ್ಟಡ.

"ಅಯ್ಯೋ, ಅದು ನಮ್ಮಪ್ಪನ ಕಟ್ಟಡ!" ಎಂದು ಅವಳು ಖುಷಿಯಿಂದಲೇ ಹೇಳಿದ್ದಳು. ಅಷ್ಟೇ... ಅವನು ಕುರ್ಚಿಯಿಂದ ಎದ್ದೇಬಿಟ್ಟಿದ್ದ.

"ನೀವು ಏನ್ ಹೇಳ್ತಿದ್ದೀರೋ ನನಗೆ ಅರ್ಥ ಆಗ್ತಿಲ್ಲ."

"ಅರ್ಥ ಆಗಲ್ವಾ? ನಿಮ್ಮ ಕ್ಲಿನಿಕ್‌ಗೆ ಜಾಗ ಬೇಕು ಅಂತ ತಾನೆ ನಮ್ಮನ್ನ ಕೋರ್ಟಿಗೆ ಎಳೆದಿರೋದು? 'ಮಗಳು ದಂತವೈದ್ಯೆ, ಮಳಿಗೆ ಇಲ್ಲದೆ ಕಷ್ಟಪಡುತ್ತಿದ್ದಾಳೆ'... ಅರ್ಜಿ ನನಗೆ ಬಾಯಿಪಾಠ ಆಗಿದೆ, ಡಾಕ್ಟ್ರೇ!"

"ಯಾವ ಕ್ಲಿನಿಕ್ ರೀ? ನಾನು ಇಲ್ಲಿ ಸಂಬಳಕ್ಕೆ ಕೆಲಸ ಮಾಡೋಳು!"

"ಒಳ್ಳೆ ನಾಟಕ" ಎಂದವನೇ ಹೊರಟುಹೋದ. ಕುತ್ತಿಗೆಗೆ ಕಟ್ಟಿದ್ದ ನೀಲಿ ಹಾಳೆ ಹಾಗೇ ಇತ್ತು. ಬೇರೆ ದಿನವಾಗಿದ್ದರೆ ನಗುತ್ತಿದ್ದಳೇನೋ. ಇವತ್ತು ಅವಳ ಕಿವಿ ಬಿಸಿಯಾಗಿತ್ತು.

'ಯಾರೀತ? ನನ್ನ ಮುಖ ನೋಡಿ ಸುಳ್ಳುಗಾತಿ ಅಂತಾನಲ್ಲ! ಇವತ್ತೇ ಅಪ್ಪನ್ನ ಕೇಳ್ತೀನಿ...'

ಸಂಜೆ ಕೇಳಬೇಕೆಂದೇ ಬೇಗ ಮನೆಗೆ ಬಂದಳು. ಬಾಗಿಲಲ್ಲೇ ಕಾಲು ನಿಂತಿತು.

ನಡುಮನೆಯಲ್ಲಿ, ಟಿವಿ ಇದ್ದ ಜಾಗದಲ್ಲಿ, ಹಲ್ಲು ನೋಡುವ ದೊಡ್ಡ ಕುರ್ಚಿಯೊಂದು ಕೂತಿತ್ತು! ಎಲ್ಲಿಯದೋ ಗುಜರಿ. ಅದಕ್ಕೆ ನೀರಿನ ಪೈಪಿಲ್ಲ, ಕರೆಂಟಿನ ವೈರಿಲ್ಲ. ಬಟ್ಟೆ ಒಣಹಾಕಲು ಜಾಗ ಸಿಕ್ಕಿತೆಂದು ಅತ್ತಿಗೆ ಆಗಲೇ ಅದರ ಕೈಮೇಲೆ ಟವೆಲ್ ಹರವಿದ್ದಳು. ಸುತ್ತ ಅಪ್ಪ, ಅಣ್ಣ, ಅವರ ವಕೀಲರು, ಬರೆದುಕೊಳ್ಳುತ್ತಿದ್ದ ಅಪರಿಚಿತರೊಬ್ಬರು. ಗೋಡೆಗೆ ಒರಗಿ, ಊದಿದ ಕೆನ್ನೆಯ ಫ್ರೇಮ್ ಅಂಗಡಿಯವನು!

"ಬಂದ್ಲು ನೋಡಿ!" ಅಣ್ಣ ನಾಟಕದವರ ಧ್ವನಿ ತೆಗೆದ. "ನೋಡಿ ಕಮಿಷನರ್ ಸಾಹೇಬ್ರೇ, ನನ್ನ ತಂಗಿ. ಪಾಪ, ಈ ಇಕ್ಕಟ್ಟಲ್ಲೇ ರೋಗಿಗಳನ್ನ ನೋಡ್ತಾಳೆ."

ಅವರು ಕೋರ್ಟು ಕಳಿಸಿದ ಕಮಿಷನರ್. ಮನೆಯಲ್ಲಿ ನಿಜವಾಗಿಯೂ ಜಾಗವಿಲ್ಲವೇ ಎಂದು ಕಣ್ಣಾರೆ ಕಂಡು ವರದಿ ಕೊಡಲು ಬಂದವರು. ಇದು ಅವಳಿಗೆ ಆಗ ಹೊಳೆಯಿತು. ಬಾಯಿ ತೆರೆದಳು... ಅಪ್ಪನ ಕಡೆ ನೋಡಿದಳು. ಜೀವಮಾನದಲ್ಲಿ ಯಾರ ಮುಂದೆಯೂ ತಲೆ ಬಾಗಿಸದ ಅಪ್ಪ, ಕಣ್ಣಲ್ಲೇ ಅಂಗಲಾಚುತ್ತಿದ್ದರು.

ಅವಳು ಬಾಯಿ ಮುಚ್ಚಿದಳು.

ಮೌನಂ ಸಮ್ಮತಿ ಲಕ್ಷಣಂ ಎಂದು ಸುಮ್ಮನೆ ಹೇಳಿಲ್ಲ. ಕಮಿಷನರ್ ಬರೆದುಕೊಂಡರು. ಫ್ರೇಮ್ ಅಂಗಡಿಯವನು ಅವಳನ್ನೊಮ್ಮೆ ನೋಡಿ ಹೊರಗೆ ನಡೆದ. ಬೆಳಗಿನ ಸಿಟ್ಟು ಕೂಡ ಆ ನೋಟದಲ್ಲಿ ಇರಲಿಲ್ಲ. ಅದೇ ಅವಳಿಗೆ ಹೆಚ್ಚು ಚುಚ್ಚಿತು.

ಎಲ್ಲರೂ ಹೋದ ಮೇಲೆ ಮನೆಯ ಸೂರು ಹಾರಿಹೋಗುವುದೊಂದು ಬಾಕಿ!

"ನನ್ನ ಹೆಸರು ಹಾಕೋ ಮುಂಚೆ ನನ್ನನ್ನ ಒಂದು ಮಾತು ಕೇಳಿದ್ರಾ?"

"ನಿನ್ನ ಒಳ್ಳೇದಕ್ಕೆ ತಾನೆ ಪುಟ್ಟಿ..." ಎಂದರು ಅಪ್ಪ. ಊರಿನವರ ಹಲ್ಲು ಕೀಳುವ ಮಗಳು ಅವರಿಗೆ ಇನ್ನೂ ಪುಟ್ಟಿಯೇ.

"ನನ್ನ ಒಳ್ಳೇದಾ? ನಿಜ ಹೇಳಿ, ಆ ಮಳಿಗೇಲಿ ಕ್ಲಿನಿಕ್ ಮಾಡಿಕೊಡ್ತೀರಾ?"

ಅಪ್ಪ ನೆಲ ನೋಡಿದರು. ಅಣ್ಣ ಮಾತ್ರ ನಾಚಿಕೆ ಬಿಟ್ಟು ಹೇಳಿದ. "ಕಟ್ಟಡಾನೇ ಒಡೀತೀವಿ. ಬಿಲ್ಡರ್ ರೆಡಿ ಇದಾನೆ. ಬಾಡಿಗೆಯವನು ಸುಮ್ನೆ ಏಳಲ್ಲ. ಸ್ವಂತಕ್ಕೆ ಬೇಕು ಅಂದ್ರೆ ಕೋರ್ಟು ಒಪ್ಪುತ್ತೆ. ನೀನು ಒಂದ್ಸಲ 'ಹೌದು' ಅಂದ್ರೆ ಸಾಕು."

"ಕಂಡವರ ಮಕ್ಕಳನ್ನ ಬಾವಿಗೆ ತಳ್ಳಿ ಆಳ ನೋಡೋರನ್ನ ಕಂಡಿದ್ದೆ. ನೀನು ಒಡಹುಟ್ಟಿದವಳನ್ನೇ ತಳ್ತಿದ್ದೀಯಲ್ಲೋ!"

ಅವಳಿಗೆ ಅಳು ಬಂತು. ಅಳು ಬಂದದ್ದಕ್ಕೆ ಇನ್ನಷ್ಟು ಸಿಟ್ಟು ಬಂತು. ಓದುವ ಕಾಲೇಜು, ಉಡುವ ಬಟ್ಟೆಯ ಬಣ್ಣ, ನೋಡಲು ಬರುವ ಗಂಡು... ಎಲ್ಲವನ್ನೂ 'ಪುಟ್ಟಿಗೆ ಇಷ್ಟ' ಎಂದು ಇವರೇ ಹೇಳಿದ್ದರು. ಈಗ ಇನ್ನೊಬ್ಬರನ್ನು ಬೀದಿಗೆ ಹಾಕುವುದೂ ಪುಟ್ಟಿಗೆ ಇಷ್ಟವಂತೆ!

ಮರುದಿನ ಅವಳು ಹಳದಿ ಕಟ್ಟಡದ ಮುಂದೆ ನಿಂತಿದ್ದಳು.

ಚಿಕ್ಕ ಅಂಗಡಿ. ಮರದ ಪುಡಿ, ಅಂಟಿನ ವಾಸನೆ. ಅವನು ಗಾಜಿನ ಮೇಲೆ ಗೀರು ಎಳೆದು, ಮೇಜಿನ ಅಂಚಿಗಿಟ್ಟು ಒಂದೇ ಏಟಿಗೆ ಮುರಿಯುತ್ತಿದ್ದ. ಮೂಲೆಯಲ್ಲಿ ಅವನ ತಾಯಿ ಫೋಟೋದ ಬೆನ್ನಿಗೆ ಹಾಕುವ ರಟ್ಟು ಕತ್ತರಿಸುತ್ತಾ ಕೂತಿದ್ದರು.

"ನಿನ್ನೆ ನಾನು..."

"ನಿನ್ನೆ ನಿಮ್ಮ ಬಾಯಿಗೆ ಯಾರು ಇಂಜೆಕ್ಷನ್ ಕೊಟ್ಟಿದ್ರು ಡಾಕ್ಟ್ರೇ?" ತಲೆ ಎತ್ತದೆ ಕೇಳಿದ.

ಅವಳು ಗೋಡೆ ನೋಡಿದಳು. ಕೆಳಗಿಂದ ಮೇಲಿನವರೆಗೆ ಫ್ರೇಮ್ ಹಾಕಿ ಮುಗಿಸಿದ ಫೋಟೋಗಳು. ಮದುಮಕ್ಕಳು, ಹಲ್ಲಿಲ್ಲದ ಮಗು, ಸಮವಸ್ತ್ರದ ಹುಡುಗ.

"ಇವೆಲ್ಲ ಯಾರದು?"

"ಮಾಡೋಕೆ ಕೊಟ್ಟು, ತಗೊಂಡು ಹೋಗೋಕೆ ಬರದೇ ಇರೋರದು" ಎಂದರು ತಾಯಿ. "ಇವನ ಅಪ್ಪನ ಕಾಲದವೂ ಇವೆ. ಮಾರಿ ಅಂತಾರೆ ಜನ. ಯಾರದೋ ಮನೆ ಮುಖ, ಹೇಗಮ್ಮಾ ಮಾರೋದು? ಯಾವತ್ತೋ ಒಂದಿನ ಹುಡ್ಕೊಂಡು ಬರ್ತಾರೆ. ಬಂದಾಗ ಅಂಗಡಿ ಇಲ್ಲೇ ಇರ್ಬೇಕಲ್ಲ."

ಅವಳು ಮತ್ತೊಮ್ಮೆ ಆ ಫೋಟೋಗಳನ್ನು ನೋಡಿದಳು. 'ಇವರನ್ನ ನನ್ನ ಹೆಸರು ಹೇಳಿ ಓಡಿಸ್ತಿದಾರಾ?'

"ನೀವು ಹಲ್ಲಿನ ಡಾಕ್ಟ್ರಂತೆ?" ತಾಯಿಯೇ ಮುಂದುವರಿಸಿದರು. "ಇವನು ನೋವಿಗೆ ಊಟ ಬಿಟ್ಟಿದಾನೆ. ಕರ್ಕೊಂಡು ಹೋಗಿ. ಜಗಳ ಆಮೇಲೆ ಆಡ್ಕೊಳ್ಳಿ!"

"ಅಮ್ಮಾ! ಅವರು ಯಾರು ಅಂತ ಗೊತ್ತಾ?"

"ಗೊತ್ತು. ಹಲ್ಲಿಗೂ ಕೋರ್ಟಿಗೂ ಏನೋ ಸಂಬಂಧ? ಏಳು!"

ಹಾಗೆ ಅವನು ಮತ್ತೆ ಅವಳ ಕುರ್ಚಿಗೆ ಬಂದ. ಬಾಯಿ ಅಗಲಿಸಿ ಕಣ್ಣು ಬಿಗಿಯಾಗಿ ಮುಚ್ಚಿಕೊಂಡ. ಎಲ್ಲವನ್ನೂ ಹೇಳಿಬಿಡಲು ಇದಕ್ಕಿಂತ ಒಳ್ಳೆ ಸಮಯ ಸಿಕ್ಕೀತೇ?

"ಬಾಯಿ ತೆಗ್ದು ಸುಮ್ನೆ ಕೇಳಿ. ಆ ಅರ್ಜಿ ನನಗೆ ಗೊತ್ತಿರಲಿಲ್ಲ!"

"ಆಂ... ಆ..."

"ಮಾತಾಡ್ಬೇಡಿ, ಡ್ರಿಲ್ ಜಾರುತ್ತೆ. ಆ ಕುರ್ಚಿ ನಾನು ಮೊದಲ ಸಲ ನೋಡಿದ್ದೇ ನಿಮ್ಮ ಜೊತೆ. ಅಲ್ಲಾ ರೀ, ನೀರಿಲ್ಲದ ಕುರ್ಚೀಲಿ ರೋಗಿ ಎಲ್ಲಿ ಉಗೀಬೇಕು? ಅಣ್ಣನ ಮುಖಕ್ಕಾ?"

ಅವನ ಹೊಟ್ಟೆ ಕುಲುಕಿತು. ನಗುತ್ತಿದ್ದಾನೆ!

"ನಗಬೇಡಿ! ನಾನು ಸುಮ್ನೆ ನಿಂತಿದ್ದು ತಪ್ಪು. ದೊಡ್ಡ ತಪ್ಪು. ಅಪ್ಪನ ಮುಖ ನೋಡಿ ನಿಂತುಬಿಟ್ಟೆ. ಆದ್ರೆ ನಿಮ್ಮನ್ನ ಎಬ್ಬಿಸೋಕೆ ನಾನು ಯಾವತ್ತೂ..." ಅವಳು ಡ್ರಿಲ್ ನಿಲ್ಲಿಸಿದಳು.

ಅವನು ಕಣ್ಣು ತೆರೆದ. ಮುಖಕವಚದ ಮೇಲೆ ಅವಳ ಎರಡು ಕಣ್ಣಷ್ಟೇ ಕಾಣುತ್ತಿದ್ದವು. ತುಂಬಿದ ಕಣ್ಣುಗಳು... ನಂಬಲು ಅವನಿಗೆ ಅಷ್ಟೇ ಸಾಕಾಯಿತು.

ಬೇರಿನವರೆಗೆ ಹುಳುಕು ಹಿಡಿದ ಹಲ್ಲು ಒಂದೇ ದಿನಕ್ಕೆ ಸರಿಹೋಗುವುದಿಲ್ಲ. ಅವನು ಮತ್ತೆ ಮತ್ತೆ ಬರಬೇಕಾಯಿತು. ಹಲ್ಲು ಸರಿಯಾದ ಮೇಲೂ 'ಒಂಥರಾ ಜುಂ ಅನ್ನುತ್ತೆ' ಎಂದು ಬಂದ. ಏನೂ ಇಲ್ಲವೆಂದು ಗೊತ್ತಿದ್ದೂ ಅವಳು ಟಾರ್ಚ್ ಹಾಕಿ ಗಂಭೀರವಾಗಿ ನೋಡಿದಳು. ಹೊರಗೆ ಕೂತ ನರ್ಸ್ ಸೆರಗಿನಲ್ಲಿ ಬಾಯಿ ಮುಚ್ಚಿ ನಗುತ್ತಿದ್ದಳು. ಅವನಿಗೂ ಅವಳಿಗೂ ಎಲ್ಲ ಗೊತ್ತಿತ್ತು, ಒಬ್ಬರೂ ಬಾಯಿಬಿಡಲಿಲ್ಲ.

ಒಂದು ದಿನ ಅವನು ಮಂಕಾಗಿದ್ದ.

"ನಿಮ್ಮನ್ನ ಸಾಕ್ಷಿಗೆ ಕರೆಸೋಣ ಅಂತಾರೆ ನಮ್ಮ ವಕೀಲರು. ಕಮಿಷನರ್ ವರದಿ ನಮ್ಮ ವಿರುದ್ಧ ಇದೆ, ಬೇರೆ ದಾರಿ ಇಲ್ಲವಂತೆ. ನಾನು ಬೇಡ ಅಂದೆ."

"ಯಾಕೆ?"

"ನಿಮ್ಮನ್ನ ಮನೆಯವರ ಎದುರು ನಿಲ್ಸೋದಾ? ಅಂಗಡಿ ಹೋದ್ರೆ ಹೋಗ್ಲಿ. ನಿಮಗೆ ತೊಂದ್ರೆ ಬೇಡ."

ಅವಳು ಟಾರ್ಚನ್ನು ಟಪ್ ಎಂದು ಆರಿಸಿದಳು. ಅವನು ಹೊಗಳಿಕೆ ನಿರೀಕ್ಷಿಸಿದ್ದನೋ ಏನೋ, ಪಾಪ!

"ನನ್ನ ಪರವಾಗಿ ನೀವೂ ತೀರ್ಮಾನ ಮಾಡಿಬಿಟ್ರಾ? ಹಾಗಾದ್ರೆ ನಮ್ಮಣ್ಣನಿಗೂ ನಿಮಗೂ ಏನ್ರೀ ವ್ಯತ್ಯಾಸ?"

ಅವನು ತಬ್ಬಿಬ್ಬಾದ. "ಹಾಗಲ್ಲ, ನಾನು..."

"ಕರೆಸಿ ನನ್ನ!" ಎಂದಳು ಅವಳು.

ಕೋರ್ಟಿನ ಸಮನ್ಸ್ ಮನೆಗೆ ಬಂದ ದಿನದಿಂದ ಅಣ್ಣ ಅವಳಿಗೆ ಒಂದೇ ಪಾಠ ಹೇಳಿಕೊಟ್ಟ. "ಹೌದು ಅನ್ನು. ಬೇರೇನೂ ಬೇಡ." ಅವಳು ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ.

ವಿಚಾರಣೆಯ ದಿನ ಅವಳು ಕಟಕಟೆ ಹತ್ತಿದಳು. ಎದುರಿನ ಬೆಂಚಿನಲ್ಲಿ ಅಪ್ಪ, ಅಣ್ಣ. ಇನ್ನೊಂದು ಬದಿಗೆ ಅವನು, ಅವನ ತಾಯಿ. ತಿರುಗುವ ಫ್ಯಾನಿನ ಕಿರಕಿರ ಬಿಟ್ಟರೆ ಬೇರೆ ಸದ್ದಿಲ್ಲ.

ಅವನ ವಕೀಲರು ನೇರವಾಗಿ ಕೇಳಿದರು. "ನಿಮಗೆ ಆ ಮಳಿಗೆ ಬೇಕಾ?"

"ಬೇಡ. ಬೇಕು ಅಂತ ಯಾವತ್ತೂ ಹೇಳಿಲ್ಲ. ನನ್ನನ್ನ ಯಾರೂ ಕೇಳೂ ಇಲ್ಲ."

"ಮನೆಯಲ್ಲಿದ್ದ ಕುರ್ಚಿ?"

"ಕಮಿಷನರಿಗೆ ತೋರಿಸೋಕೆ ತಂದಿದ್ದು. ಅದರಲ್ಲಿ ನಾನು ಯಾರ ಹಲ್ಲೂ ನೋಡಿಲ್ಲ. ಅವತ್ತೇ ಹೇಳ್ಬೇಕಿತ್ತು. ಹೇಳಲಿಲ್ಲ. ಈಗ ಹೇಳ್ತಿದೀನಿ."

ಅಣ್ಣ ಹಲ್ಲು ಕಡಿದ. ಅಪ್ಪನ ವಕೀಲರು ಪಾಟೀ ಸವಾಲಿಗೆ ಎದ್ದರು. ಅವರ ತುಟಿಯ ಮೇಲೆ ಕೊಂಕು ನಗು ಇತ್ತು.

"ಈ ಬಾಡಿಗೆದಾರರು ವಾಸಿಯಾದ ಹಲ್ಲನ್ನ ತೋರಿಸೋಕೂ ನಿಮ್ಮ ಹತ್ರ ಬರ್ತಾರಂತೆ?"

ಯಾರೋ ಕಿಸಕ್ಕೆಂದರು. ಅವಳ ಮುಖ ಕೆಂಪಾಯಿತು.

"ಬರ್ತಾರೆ."

"ಅಂದ್ರೆ ಅವರ ಮೇಲೆ ನಿಮಗೆ ಪ್ರೀತಿ. ಅದಕ್ಕೇ ಹೆತ್ತ ತಂದೆಯ ವಿರುದ್ಧ ಸುಳ್ಳು ಸಾಕ್ಷಿ. ಸರಿ ತಾನೆ?"

'ಛೀ! ಹೆಣ್ಣು ಬಾಯಿಬಿಟ್ಟರೆ ಅದರ ಹಿಂದೆ ಗಂಡಸೇ ಇರಬೇಕಾ ಇವರಿಗೆ?' ಅವಳು ನೆಟ್ಟಗೆ ನಿಂತಳು. ಕಟಕಟೆಯ ಅಡ್ಡಪಟ್ಟಿಯನ್ನು ಎರಡೂ ಕೈಯಲ್ಲಿ ಹಿಡಿದಳು.

"ಎರಡು ಪ್ರಶ್ನೆ ಕೇಳಿದ್ರಿ, ಎರಡಕ್ಕೂ ಉತ್ತರ ಕೊಡ್ತೀನಿ. ಪ್ರೀತಿ ಇದೆ. ಇದನ್ನ ಇನ್ನೂ ಅವರಿಗೇ ಹೇಳಿಲ್ಲ, ನೀವೇ ಹೇಳಿಸಿಬಿಟ್ರಿ! ಆದ್ರೆ ಪ್ರೀತಿ ಇಲ್ಲದೇ ಹೋಗಿದ್ರೂ ಆ ಕುರ್ಚಿಗೆ ನೀರಿನ ಪೈಪ್ ಇರ್ತಿರಲಿಲ್ಲ ಸ್ವಾಮಿ. ಸುಳ್ಳು ಸುಳ್ಳೇ."

ಫ್ರೇಮ್ ಅಂಗಡಿಯವನು ಕೂತಲ್ಲೇ ಕಲ್ಲಾದ. ಅವನ ತಾಯಿ ಮಗನ ತೊಡೆಗೆ ಮೆಲ್ಲಗೆ ಚಿವುಟಿದರು.

ನ್ಯಾಯಾಧೀಶರು ಕನ್ನಡಕ ಸರಿಮಾಡಿಕೊಂಡು ಅಪ್ಪನ ವಕೀಲರ ಕಡೆ ತಿರುಗಿದರು. "ಯಾರಿಗೋಸ್ಕರ ಮಳಿಗೆ ಬೇಕು ಅಂತೀರೋ ಅವರಿಗೇ ಬೇಡವಂತೆ. ಇನ್ನೇನು ಉಳೀತು?"

ವಕೀಲರು ಅಪ್ಪನ ಕಿವಿಯಲ್ಲಿ ಏನೋ ಅಂದರು. ಅಪ್ಪ ನಿಧಾನವಾಗಿ ಎದ್ದು ನಿಂತರು.

"ಅರ್ಜಿ ವಾಪಸ್ ತಗೋತೀನಿ ಸ್ವಾಮಿ."

ಹೊರಗಿನ ಪಡಸಾಲೆಯಲ್ಲಿ ಅಣ್ಣ ಅಡ್ಡ ನಿಂತ. "ಉಂಡ ಮನೆ ಜಂತೆ ಎಣಿಸಿದೆಯಲ್ಲೇ! ಇನ್ನು ಮನೆ ಮೆಟ್ಟಿಲು ಹತ್ತಬೇಡ!"

"ಓಹೋ, ನನ್ನನ್ನೂ ಖಾಲಿ ಮಾಡಿಸ್ತೀಯಾ? ಅದಕ್ಕೂ ಒಂದು ಕೇಸ್ ಹಾಕು. ನನ್ನ ರೂಮೂ ನಿನ್ನ ಸ್ವಂತ ಬಳಕೆಗೆ ಬೇಕು ಅಂತ ಬರೆಸು!"

"ಸಾಕು ನಿಲ್ಸೋ" ಎಂದರು ಅಪ್ಪ ಮಗನಿಗೆ. ಮಗಳ ಮುಖ ನೋಡಲು ಅವರಿಗೆ ಇನ್ನೂ ಆಗಲಿಲ್ಲ. "ಮನೆ ನನ್ನದು. ಅವಳು ಬರ್ತಾಳೆ." ಮೆಟ್ಟಿಲವರೆಗೆ ಹೋದವರು ನಿಂತರು. "ಸಂಜೆ ಬರ್ತೀಯಾ... ಅಥವಾ ಬೇರೆಲ್ಲಾದ್ರೂ ಇರ್ತೀಯಾ? ನಿನ್ನಿಷ್ಟ."

ಅಪ್ಪನ ಬಾಯಲ್ಲಿ ಆ ಮಾತು ಮೊದಲ ಸಲ ಪ್ರಶ್ನೆಯಾಗಿ ಬಂದಿತ್ತು. ಇಷ್ಟು ದಿನ ಸಿಟ್ಟಿನಲ್ಲೇ ತಡೆದಿಟ್ಟಿದ್ದ ಅಳು ಈಗ ಕಟ್ಟೆಯೊಡೆಯಿತು.

"ಬರ್ತೀನಿ ಅಪ್ಪ" ಎಂದಳು.

ಕಂಬದ ಪಕ್ಕ ಅವನು ಕಾಯುತ್ತಿದ್ದ. ಕರವಸ್ತ್ರ ಚಾಚಿದ. ಅದರಿಂದ ಮರದ ಪುಡಿ ಉದುರಿತು. ಮೂಗು ಒರೆಸಿಕೊಂಡು ಅವಳು ಎರಡು ಸಲ ಸೀನಿದಳು.

"ಅಷ್ಟು ಜನರ ಮುಂದೆ ಹೇಳಿಬಿಟ್ರಲ್ಲ..." ಅವನ ಧ್ವನಿ ನಡುಗುತ್ತಿತ್ತು.

"ಪ್ರಮಾಣ ಮಾಡಿದ್ದೆ. ಸುಳ್ಳು ಹೇಳೋಕಾಗುತ್ತಾ?"

"ಆದ್ರೂ... ನನ್ನನ್ನ ಒಂದು ಮಾತು ಕೇಳ್ಬಹುದಿತ್ತು."

ಅವಳು ನಾಲಿಗೆ ಕಚ್ಚಿಕೊಂಡಳು. ಹೌದಲ್ಲ! ಯಾರೂ ತನ್ನನ್ನು ಕೇಳಲಿಲ್ಲವೆಂದು ಊರೆಲ್ಲ ಒಂದು ಮಾಡಿದವಳು, ಇವನನ್ನು ಕೇಳದೆಯೇ ಕೋರ್ಟಿನಲ್ಲಿ ಬರೆಸಿಬಿಟ್ಟಿದ್ದಳು!

"ತಪ್ಪಾಯ್ತು. ಈಗ ಕೇಳ್ತೀನಿ." ಅವನ ಕಣ್ಣಲ್ಲಿ ಕಣ್ಣಿಟ್ಟಳು. "ನಿಮಗೆ ಏನ್ ಬೇಕು?"

"ಅಂಗಡಿ ಉಳಿದ್ರೆ ಸಾಕು ಅನ್ಕೊಂಡಿದ್ದೆ. ಈಗ ಆಸೆ ಜಾಸ್ತಿ ಆಗಿದೆ."

"ಏನು?"

"ಸಂಜೆ ಬಾಗಿಲು ಹಾಕುವಾಗ ನೀವು ಪಕ್ಕದಲ್ಲಿ ಇರ್ಬೇಕು."

"ಅಷ್ಟೇನಾ?"

ಅವನು ಮೆಲ್ಲಗೆ ಅವಳ ಕೈ ಹಿಡಿದ.

"ಬೆಳಿಗ್ಗೆ ಬಾಗಿಲು ತೆಗೆಯುವಾಗ್ಲೂ..."

"ಇರ್ತೀನಿ" ಎಂದಳು ಅವಳು.